ಕೆಂಪು ದಾರದ ಪ್ಲಗ್ಗು

ಹೋದ ತಿಂಗಳು ರೋಣದಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆಯಿತ್ತು. ಅಕ್ಕಿಕಾಳು ಬೀಳುವ ಹೊತ್ತಿಗೆ ಕರೆಂಟು ಹೋಗಿ, ಮಂಟಪದ ಹಿಂದೆ ಜನರೇಟರ್ ಶುರುವಾಯಿತು. ಕೈ ತೊಳೆಯಲು ಆ ಕಡೆ ಹೋದವನು ಅಲ್ಲೇ ನಿಂತುಬಿಟ್ಟೆ. ಪೆಂಡಾಲಿನವನು ಸಾಕೆಟ್ಟಿನ ತೂತಿನೊಳಗೆ ಬರಿಯ ತಂತಿ ತುರುಕಿ, ಅದು ಜಾರದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿದ್ದ. ದೀಪದ ಸರ, ಫ್ಯಾನು, ಚಹಾ ಕಾಸುವ ಹಂಡೆ, ಎಲ್ಲವೂ ಒಂದೇ ಸಾಕೆಟ್ಟಿಗೆ. ಒಂದೊಂದಾಗಿ ಹಚ್ಚಪ್ಪ, ಭಾರದ್ದು ಮೊದಲು ಹಚ್ಚು ಎಂದು ಹೇಳಿದೆ. "ಏನೂ ಆಗೂದಿಲ್ಲರಿ ಅಜ್ಜಾರ, ದಿನಾ ಹಿಂಗ ಮಾಡ್ತೀವಿ" ಎಂದು ಅವನು ನಕ್ಕ. ಇಂಜಿನ್ನು ಆಗಲೇ ಏದುಸಿರು ಬಿಡುತ್ತಿತ್ತು. ಅರ್ಧ ಸುಟ್ಟ ಸೀಮೆಎಣ್ಣೆಯ ವಾಸನೆ ಮೂಗಿಗೆ ಹತ್ತಿತು. ಊಟಕ್ಕೆ ಕುಳಿತರೂ ಆ ವಾಸನೆ ಬಿಡಲಿಲ್ಲ. ಅರವತ್ತು ವರ್ಷದ ಹಿಂದಿನ ಒಂದು ಚಳಿಗಾಲ ಅದರ ಬೆನ್ನು ಹತ್ತಿ ಬಂತು. ಆ ಚಳಿಗಾಲದ ಮಾತನ್ನು ನಾನು ಮನೆಯಲ್ಲಿ ಕೂಡ ಯಾರಿಗೂ ಹೇಳಿದವನಲ್ಲ. ಹೇಳಿದರೆ ನನ್ನ ಹೊಟ್ಟೆಕಿಚ್ಚಿನ ಮಾತನ್ನೇ ಹೇಳಬೇಕಾಗುತ್ತದೆ.

ಏಕೀಕರಣವಾದ ಮೇಲಿನ ಮೊದಲ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯಲ್ಲಿ ವೈರಮನ್ ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಮನೆಗೆ ಬಂದವರಿಗೆಲ್ಲ ಮೊದಲು ಕಾಣುವ ಹಾಗೆ ಬಾಗಿಲೆದುರಿನ ಗೋಡೆಗೆ ತೂಗುಹಾಕಿದ್ದೆ. ಧಾರವಾಡದ ಕಣ್ಣಿನ ಡಾಕ್ಟರೊಬ್ಬರು ಆ ವರ್ಷ ನರಗುಂದ, ರೋಣ, ಗಜೇಂದ್ರಗಡ ಈ ಮೂರು ಊರಿನಲ್ಲಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಯುವ ಶಿಬಿರ ನಡೆಸುವವರಿದ್ದರು. ಅವರ ಜೊತೆ ಒಬ್ಬ ನರ್ಸಬಾಯಿ, ಒಬ್ಬ ಕಂಪೌಂಡರ್. ಜನರೇಟರ್ ನೋಡಿಕೊಳ್ಳಲು ಒಬ್ಬ ಬೇಕಾಗಿತ್ತು. ನಾನು ಹೋದೆ.

ಆ ಜನರೇಟರು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದು. ಪೆಟ್ರೋಲಿನಿಂದ ಶುರುವಾಗಿ ಸೀಮೆಎಣ್ಣೆಯ ಮೇಲೆ ಓಡುತ್ತಿತ್ತು. ಬೊಂಬಿಗೆ ಕಟ್ಟಿ ನಾಲ್ಕು ಜನ ಹೊರಬೇಕು. ಅದರ ಮೈಮೇಲೆ ಒಂದು ತಗಡಿನ ಹಲಗೆ. ಹಲಗೆಯಲ್ಲಿ ನಾಲ್ಕು ಸಾಕೆಟ್ಟು, ಒಂದು ಫ್ಯೂಸು, ವೋಲ್ಟೇಜು ತೋರಿಸುವ ಮುಳ್ಳಿನ ಮೀಟರು. ಅದು ಹೊರುತ್ತಿದ್ದದ್ದು ಹೆಚ್ಚೆಂದರೆ ಒಂದೂವರೆ ಸಾವಿರ ವ್ಯಾಟು. ಡಾಕ್ಟರರ ಮೇಜಿನ ಮೇಲೆ ತೂಗುವ ಎರಡು ದೀಪಗಳಿಗೆ ನಾಲ್ಕುನೂರು, ಕತ್ತರಿ ಚಿಮಟಿಗೆಗಳನ್ನು ಕುದಿಸುವ ಡಬ್ಬಿಗೆ ಒಂದು ಸಾವಿರ. ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಹಗಲಿನಲ್ಲೇ ಆಪರೇಶನ್ನಾದರೂ ಧೂಳು ಬರಬಾರದೆಂದು ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ಕಟ್ಟುತ್ತಿದ್ದುದರಿಂದ ಕೋಣೆ ಕತ್ತಲಾಗಿರುತ್ತಿತ್ತು. ಆ ಎರಡು ದೀಪವೇ ಡಾಕ್ಟರರ ಆಧಾರ.

ನಾನು ಮಷಿನ್ನನ್ನು ಶಿಬಿರಕ್ಕೆ ಬಿಟ್ಟುಕೊಟ್ಟಿದ್ದ ಕನ್ನಡ ಸಾಲಿಯ ಹೊರಗೆ, ಹೊಗೆ ಒಳಗೆ ಹೋಗದ ಕಡೆ ಇಡಿಸಿದೆ. ಬೆಳಿಗ್ಗೆ ಶುರು ಮಾಡಿ ಐದು ನಿಮಿಷ ಬರಿದೇ ಓಡಿಸಿ, ಮುಳ್ಳು ಅಲುಗಾಡದೆ ನಿಂತ ಮೇಲೆ ಮೊದಲು ಡಬ್ಬಿಯ ಪ್ಲಗ್ಗು, ಅದಕ್ಕೆ ಇಂಜಿನ್ನು ಹೊಂದಿಕೊಂಡ ಮೇಲೆ ದೀಪಗಳ ಪ್ಲಗ್ಗು. ನಿಲ್ಲಿಸುವಾಗ ಎಲ್ಲ ಪ್ಲಗ್ಗು ಕಿತ್ತ ಮೇಲೆಯೇ ಇಂಜಿನ್ನು ಬಂದ್. ಎಣ್ಣೆ ಹಾಕುವುದಿದ್ದರೆ ಅದು ತಣ್ಣಗಾದ ಮೇಲೆ. ಪ್ರತಿ ದಿನ ದೀಪ ಹಚ್ಚುವ ಮೊದಲು ಡಾಕ್ಟರು ಒಳಗಿನಿಂದ ಕೂಗುತ್ತಿದ್ದರು: "ಗುರುನಾಥ, ಸುರು ಮಾಡ್ಲೇನು?" ನಾನು ಮೀಟರು ನೋಡಿ, "ಹೂಂರಿ" ಎನ್ನುತ್ತಿದ್ದೆ. ನನ್ನ "ಹೂಂ" ಬಾರದೆ ಅಷ್ಟು ದೊಡ್ಡ ಡಾಕ್ಟರು ಕೈಯಲ್ಲಿ ಚೂರಿ ಹಿಡಿಯುತ್ತಿರಲಿಲ್ಲ. ಆ ಕೂಗಿನ ಮೇಲೆ ನನಗಿದ್ದ ಆಸೆ ಎಂಥದೆಂದರೆ, ಅದು ಬರುವ ಹೊತ್ತಿಗೆ ಸುತ್ತ ನಾಲ್ಕು ಜನ ಇರಲಿ ಎಂದು ಬಯಸುತ್ತಿದ್ದೆ.

ನರಗುಂದದ ಶಿಬಿರಕ್ಕೆ ಯಾವಗಲ್ಲಿನಿಂದ ಒಬ್ಬ ಮುದುಕಿ ಬಂದಳು. ಗಂಗವ್ವ ಎಂದು ಹೆಸರು. ಎರಡೂ ಕಣ್ಣಿಗೆ ಪೊರೆ. ಸೊಸೆ ನೀಲವ್ವ ಅವಳ ಕೈ ಹಿಡಿದು ತಂದಿದ್ದಳು. ಅತ್ತೆಗೂ ಗಂಡನಿಲ್ಲ, ಸೊಸೆಗೂ ಗಂಡನಿಲ್ಲ. ಇಬ್ಬರೇ ಒಂದು ಮನೆ. ನೀಲವ್ವನಿಗೆ ಮೂವತ್ತರ ಆಚೆ ಈಚೆ. ಸುಗ್ಗಿ ಮುಗಿದ ಮೇಲೆ ಗದಗಿನ ಕಡೆ ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದವಳು. ಕಿವಿ ಚುರುಕು, ಮಾತು ಕಡಿಮೆ. ಗಂಗವ್ವನ ಬಲಗಣ್ಣಿನ ಆಪರೇಶನ್ ಆಯಿತು. ಆಮೇಲೆ ಎಂಟು ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದೆ ಮಲಗಬೇಕು. ಅಷ್ಟು ದಿನ ನೀಲವ್ವ ಅತ್ತೆಯ ಹತ್ತಿರ ಉಳಿದಳು, ಬಿಡುವಿದ್ದಾಗ ಶಿಬಿರಕ್ಕೆ ನೀರು ತುಂಬುತ್ತಿದ್ದಳು.

ಆ ವಾರವೇ ನರ್ಸಬಾಯಿ ಒಂದು ತಕರಾರು ತೆಗೆದಳು. ಕುದಿಸುವ ಡಬ್ಬಿಯ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ನಾನು ಹೋಗಿ ನೋಡಿದೆ, ವಾಯರು ಸರಿಯಿತ್ತು. ನಿಮ್ಮ ಕೈ ಹಸಿ ಇದ್ದಾವು ಎಂದು ಹೇಳಿ ಬಂದೆ. ಮರುದಿನ ಮತ್ತೆ ಹೇಳಿದಳು, ನಾನು ಮತ್ತೆ ಅದನ್ನೇ ಹೇಳಿದೆ. ಮೂರನೆಯ ದಿನ ಅವಳು ಬೆಚ್ಚಿಬಿದ್ದು, ಕುದಿಸಿದ ಸಾಮಾನಿನ ತಾಟನ್ನೇ ನೆಲಕ್ಕೆ ಬಿಟ್ಟಳು. ಆಪರೇಶನ್ನು ಅರ್ಧ ತಾಸು ನಿಂತಿತು.

ನಾನು ಡಬ್ಬಿ ಬಿಚ್ಚಿ ಕುಳಿತಿದ್ದಾಗ ಹೊರಗೆ ನೀರು ಸುರಿದ ಸಪ್ಪಳ ಕೇಳಿತು. ಎದ್ದು ನೋಡಿದರೆ ನೀಲವ್ವ ಕೊಡ ಹಿಡಿದು, ನಾನು ಅರ್ಥಿಂಗಿಗೆಂದು, ಸೋರಿದ ಕರೆಂಟು ಭೂಮಿಗೆ ಇಳಿಯಲೆಂದು ನೆಲದಲ್ಲಿ ಹೂತಿದ್ದ ಕಬ್ಬಿಣದ ಸಲಾಕಿಯ ಬುಡಕ್ಕೆ ನೀರು ಹಾಕುತ್ತಿದ್ದಳು. ಏನು ಮಾಡುತ್ತಿದ್ದೀಯೆಂದು ಗದರಿಸಿದೆ.

"ಉಪ್ಪಿನ ನೀರ್ರಿ" ಎಂದಳು. "ಎರಿ ಭೂಮಿ ಇದು, ಚಳಿಗಾಲಕ್ಕ ಬಿರುಕು ಬಿಡತೈತಿ. ಸಲಾಕಿ ಸುತ್ತ ಮಣ್ಣ ಇಲ್ಲ, ಬರೇ ಗಾಳಿ ಐತಿ ನೋಡ್ರಿ. ನಮ್ಮ ಗಿರಣ್ಯಾಗ ಮಿಸ್ತ್ರಿ ದಿನಾ ಮುಂಜಾನೆ ಹಾಕತಿದ್ದ."

ಬಗ್ಗಿ ನೋಡಿದೆ. ಸಲಾಕಿಯ ಸುತ್ತ ಬೆರಳು ಹೋಗುವಷ್ಟು ಬಿರುಕು. ಅರ್ಥಿಂಗು ಹಿಡಿದಿರಲೇ ಇಲ್ಲ. ನೀರು ಇಂಗಿದ ಮೇಲೆ ಡಬ್ಬಿಯನ್ನು ಮತ್ತೆ ಜೋಡಿಸಿ ಹಚ್ಚಿದೆ. ನರ್ಸಬಾಯಿ ಹೆದರುತ್ತಲೇ ಮುಟ್ಟಿದಳು, ಏನೂ ಆಗಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. "ಗುರುನಾಥ, ಇದು ನಿನ್ನ ಪುಸ್ತಕದಾಗ ಇದ್ದಿದ್ದಿಲ್ಲೇನು?" ಎಂದು ನಕ್ಕರು. ಕಂಪೌಂಡರನೂ ನಕ್ಕ, ಕಟ್ಟೆಯ ಮೇಲೆ ಕುಳಿತಿದ್ದ ರೋಗಿಗಳ ಮನೆಯವರೂ ನಕ್ಕರು. ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಪುಟಗಟ್ಟಲೆ ಉತ್ತರ ಬರೆದಿದ್ದೆ. ಅದನ್ನು ಹೇಳಿದ್ದರೆ ಇನ್ನಷ್ಟು ನಗುತ್ತಿದ್ದರೆಂದು ಸುಮ್ಮನಾದೆ. ಆ ದಿನದಿಂದ ಆ ಹೆಂಗಸಿನ ಹೆಜ್ಜೆಯ ಸಪ್ಪಳ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ನರಗುಂದದ ಕೆಲಸ ಮುಗಿದಾಗ ಗಂಗವ್ವನ ಬಲಗಣ್ಣು ಚೆನ್ನಾಗಿ ಕಾಣುತ್ತಿತ್ತು. ಎಡಗಣ್ಣನ್ನು ತಿಂಗಳು ಬಿಟ್ಟು ಗಜೇಂದ್ರಗಡದಲ್ಲಿ ಮಾಡುತ್ತೇನೆ ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಅತ್ತೆ ಸೊಸೆ ಇಬ್ಬರೂ ನಮ್ಮ ಜೊತೆ ಬರಲಿ, ನೀಲವ್ವ ಶಿಬಿರದ ಕೆಲಸಕ್ಕೆ ಇರಲಿ, ಮಷಿನ್ನಿನ ಹತ್ತಿರ ನಿನಗೂ ಒಂದು ಕೈ ಆಗುತ್ತದೆ, ಅವಳಿಗೆ ಕಲಿಸು ಎಂದು ನನಗೆ ಅಪ್ಪಣೆಯಾಯಿತು. ನಾನು ಹೂಂ ಎಂದೆ. ಮನಸ್ಸಿನಲ್ಲಿ ಏನಿತ್ತೆಂದು ನನಗೇ ಗೊತ್ತು.

ರೋಣಕ್ಕೆ ಬಂದಾಗ ಹಿಂಗಾರಿ ಜೋಳ ಕೊಯ್ಲಿಗೆ ಬಂದಿತ್ತು. ಸಾಲಿಯ ಹಿಂದಿನ ಹೊಲದಲ್ಲಿ ಕುಸುಬಿ ಹಳದಿಯಾಗಿ ನಿಂತಿತ್ತು. ಮುಂಜಾನೆಯ ಚಳಿಗೆ ಇಂಜಿನ್ನು ಸುಲಭವಾಗಿ ಏಳುತ್ತಿರಲಿಲ್ಲ, ಹಗ್ಗ ಎಳೆದೆಳೆದು ನನ್ನ ಅಂಗೈಗೆ ಬೊಬ್ಬೆ ಬರುತ್ತಿತ್ತು. ನಾನು ನೀಲವ್ವನಿಗೆ ಅರ್ಧ ಮಾತ್ರ ಕಲಿಸಿದೆ. ಯಾವ ಪ್ಲಗ್ಗು ಮೊದಲು, ಯಾವುದು ಆಮೇಲೆ ಎಂದು ಹೇಳಿದೆ, ಏಕೆ ಎಂದು ಹೇಳಲಿಲ್ಲ. ಆ ಮುಳ್ಳು ಏನು ಹೇಳುತ್ತದೆ ಎಂದು ಅವಳು ಮೀಟರು ತೋರಿಸಿ ಕೇಳಿದಳು. "ಅದು ಓದು ಬಂದವರಿಗೆ" ಎಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ.

ಆದರೆ ನಾನು ಮುಚ್ಚಿಟ್ಟದ್ದನ್ನೆಲ್ಲ ಅವಳು ಕಿವಿಯಿಂದ ಕಲಿತುಕೊಂಡಳು. ಡಬ್ಬಿ ಹಚ್ಚಿದಾಗ ಇಂಜಿನ್ನಿನ ದನಿ ಎಷ್ಟು ತಗ್ಗುತ್ತದೆ, ದೀಪಕ್ಕೆ ಎಷ್ಟು, ಎಲ್ಲ ಹತ್ತೇ ದಿನದಲ್ಲಿ ಗೊತ್ತು ಮಾಡಿಕೊಂಡಳು. ಕಂಪೌಂಡರನಿಗೆ ಇದೊಂದು ಆಟವಾಯಿತು. ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಒಳಗೆ ಒಂದೊಂದನ್ನೇ ಹಚ್ಚಿ ಆರಿಸಿ ಕೇಳುತ್ತಿದ್ದ. ಒಂದು ಸಲವೂ ಅವಳು ತಪ್ಪಲಿಲ್ಲ. ಪ್ಲಗ್ಗುಗಳೆಲ್ಲ ಒಂದೇ ಹಾಗೆ ಕಪ್ಪಗಿದ್ದವು. ಅವಳು ಹಳೆಯ ಸೀರೆಯ ಸೆರಗಿನಿಂದ ದಾರ ಬಿಚ್ಚಿ, ಕಾಸುವ ಡಬ್ಬಿಯ ಪ್ಲಗ್ಗಿಗೆ ಕೆಂಪು, ದೀಪದ ಪ್ಲಗ್ಗುಗಳಿಗೆ ಬಿಳಿ ದಾರ ಸುತ್ತಿದಳು. ಅವಸರದಲ್ಲಿ ಯಾರು ಬಂದರೂ ತಪ್ಪಿ ದೀಪ ಕೀಳಬಾರದೆಂದು. ಡಾಕ್ಟರಿಗೆ ಅದು ಬಹಳ ಹಿಡಿಸಿತು. ನರ್ಸಬಾಯಿ ಕೂಡ "ಕೆಂಪು ಹಚ್ಚರಿ, ಕೆಂಪು ತಗೀರಿ" ಎನ್ನತೊಡಗಿದಳು. ಇಷ್ಟು ಸಣ್ಣ ಉಪಾಯ ಸರ್ಟಿಫಿಕೇಟಿದ್ದ ನನಗೆ ಹೊಳೆಯಲಿಲ್ಲವಲ್ಲ ಎಂದು ನಾನು ಆ ದಾರಗಳನ್ನು ನೋಡಿದಾಗಲೆಲ್ಲ ಕುದಿಯುತ್ತಿದ್ದೆ.

ಒಂದು ಮುಂಜಾನೆ ನಾನು ಹಲಗೆಯ ಮುಂದೆಯೇ ನಿಂತಿದ್ದೆ. ಒಳಗಿನಿಂದ ಕೂಗು ಬಂತು: "ನೀಲವ್ವಾ, ಸುರು ಮಾಡ್ಲೇನು?"

ಅವಳು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅವಳು "ಹೂಂರಿ" ಎಂದಳು. ಡಾಕ್ಟರು ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಬಂದ ಹೆಸರು ಕೂಗಿದ್ದರು. ಆದರೆ ಮರುದಿನವೂ ಅದೇ ಹೆಸರು ಬಂತು, ಅದರ ಮರುದಿನವೂ. ನನ್ನ ಊಟ ಕಡಿಮೆಯಾಯಿತು. ಇಂಜಿನ್ನಿನಲ್ಲಿ ಏನಾದರೂ ಕೆಡಲಿ, ಆಗ ಬಿಚ್ಚಿ ಜೋಡಿಸಲು ನಾನೇ ಬೇಕಾಗುತ್ತೇನೆ ಎಂದು ಹಾರೈಸಿದ್ದೂ ಉಂಟು. ರೋಣದಲ್ಲಿ ಅದು ಒಂದು ದಿನವೂ ಕೆಡಲಿಲ್ಲ.

ಗಜೇಂದ್ರಗಡಕ್ಕೆ ಬಂದಾಗ ಬಿಸಿಲು ಏರತೊಡಗಿತ್ತು. ಗುಡ್ಡದ ಬುಡದ ಸಾಲಿಯಲ್ಲಿ ನಮ್ಮ ಬಿಡಾರ. ಸುತ್ತ ನೇಕಾರರ ಮನೆಗಳು, ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸಪ್ಪಳ. ಕಲ್ಲು ನೆಲದಲ್ಲಿ ಸಲಾಕಿ ಇಳಿಯದೆ, ಕಡೆಗೆ ಬಾವಿಯ ನೀರು ಹರಿದು ಹೋಗುವ ಹಸಿ ಜಾಗವನ್ನು ನೀಲವ್ವನೇ ಹುಡುಕಿ ಕೊಟ್ಟಳು. ಗಂಗವ್ವನ ಎಡಗಣ್ಣಿನ ಆಪರೇಶನ್ ಇದ್ದ ದಿನವೇ ಶಿಬಿರದ ಊಟಕ್ಕೆ ಜೋಳ ಕೊಟ್ಟಿದ್ದ ಗೌಡರು ನಾಲ್ಕಾರು ಹಿರಿಯರೊಂದಿಗೆ ನೋಡಲು ಬರುವವರಿದ್ದರು. ಧ್ವನಿವರ್ಧಕದಲ್ಲಿ ಎರಡು ಮಾತಾಡುವ ಆಸೆ ಅವರಿಗೆ. ಅದಕ್ಕೆ ಕರೆಂಟು ಕೊಡುತ್ತೀರಾ ಎಂದು ನನ್ನನ್ನೇ ಕೇಳಿದರು, ನೀಲವ್ವನನ್ನಲ್ಲ. ನಾನು ಡಾಕ್ಟರಿಗೆ ಒಂದು ಮಾತೂ ಹೇಳದೆ ಒಪ್ಪಿಕೊಂಡೆ. ಅಷ್ಟೇ ಅಲ್ಲ, ಡಾಕ್ಟರರ ಸಾಮಾನಿನಲ್ಲಿ ಒಂದು ಕರೆಂಟಿನ ಕೆಟ್ಲಿಯಿತ್ತು, ಒಂದು ಸಾವಿರ ವ್ಯಾಟಿನದು, ಆಪರೇಶನ್ನೆಲ್ಲ ಮುಗಿದ ಮೇಲೆ ಮಾತ್ರ ಹಚ್ಚುತ್ತಿದ್ದದ್ದು. ಬೆಂಕಿಯಿಲ್ಲದೆ ಚಹಾ ಕಾಸಿ ತೋರಿಸುತ್ತೇನೆ ಎಂದು ಗೌಡರಿಗೆ ಹೇಳಿಬಿಟ್ಟೆ.

ಬೆಳಿಗ್ಗೆ ಅವಳು ನೀರಿಗೆ ಹೋಗಿದ್ದಾಗ ಹಲಗೆಯ ಪ್ಲಗ್ಗುಗಳನ್ನೆಲ್ಲ ಬದಲು ಮಾಡಿದೆ. ಎರಡು ದೀಪವನ್ನು ಒಂದೇ ಸಾಕೆಟ್ಟಿಗೆ ಜೋಡಿಸಿ, ಖಾಲಿಯಾದ ಸಾಕೆಟ್ಟು ಧ್ವನಿವರ್ಧಕಕ್ಕೆ, ಇನ್ನೊಂದು ಕೆಟ್ಲಿಗೆ. ಆಗ ಆ ದಾರಗಳು ಕಣ್ಣಿಗೆ ಬಿದ್ದವು. ಹಿರಿಯರು ಬಂದು ಇವೇನೆಂದು ಕೇಳುತ್ತಾರೆ, ಯಾರಾದರೂ ನೀಲವ್ವನ ಹೆಸರು ಹೇಳುತ್ತಾರೆ, ಮತ್ತೆ ಅದೇ ಕಥೆ. ಜೇಬಿನಲ್ಲಿದ್ದ ಚಾಕು ತೆಗೆದು ಕೆಂಪು ಬಿಳಿ ಎಲ್ಲ ಕತ್ತರಿಸಿ ಒಗೆದೆ. ಅದರಿಂದ ಯಾರಿಗೆ ಏನಾದೀತು ಎಂದು ಆಗ ನಾನು ಯೋಚಿಸಲೇ ಇಲ್ಲ.

ನೀಲವ್ವ ಬಂದು ಹಲಗೆ ನೋಡಿದಳು. ದಾರದ ಮಾತು ಎತ್ತಲಿಲ್ಲ. ಕೆಟ್ಲಿಯ ವಾಯರನ್ನು ಮಾತ್ರ ತೋರಿಸಿ, "ಮಿಸ್ತ್ರಿಯವರ, ಕಾಸೂವು ಎರಡೂ ಕೂಡೇ ಹಚ್ಚಬ್ಯಾಡ್ರಿ. ಇಂಜಿನ್ ತಾಳೂದಿಲ್ಲ" ಎಂದಳು. ಅದನ್ನು ನಾನೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ನರ್ಸಬಾಯಿ ಡಬ್ಬಿ ತೆಗೆಸಿದ ಮೇಲೆ ಕೆಟ್ಲಿ ಹಚ್ಚುವುದು ಎಂದುಕೊಂಡಿದ್ದೆ. ಹಾಗೆಂದು ಹೇಳಿದ್ದರೆ ಸಾಕಿತ್ತು. ಆದರೆ ಅವಳ ಬಾಯಿಂದ ಬಂದದ್ದಕ್ಕೆ ನನಗೆ ರೇಗಿತು. ನಿನ್ನ ಕೆಲಸ ನೀನು ನೋಡು ಎಂದು ಹೇಳಿ ಪಡಸಾಲೆಗೆ ಹೋದೆ.

ಹಿರಿಯರು ಬಂದರು. ಒಳಗೆ ಗಂಗವ್ವನನ್ನು ಮೇಜಿನ ಮೇಲೆ ಮಲಗಿಸಿದ್ದರು. ಗೌಡರ ಮಾತು ಮುಗಿಯುವ ಹೊತ್ತಿಗೆ ನಾನು ಹೋಗಿ ಕೆಟ್ಲಿಯ ಪ್ಲಗ್ಗು ಹಾಕಿದೆ. ಡಬ್ಬಿಯ ಪ್ಲಗ್ಗು ತೆಗೆದಿದೆಯೋ ಇಲ್ಲವೋ ನೋಡಲಿಲ್ಲ. ಮುಂದಿನ ರೋಗಿಗೆಂದು ನರ್ಸಬಾಯಿ ಅದನ್ನು ಹಚ್ಚಿಸಿಯೇ ಇಟ್ಟಿದ್ದಳು. ನೀಲವ್ವ ಆಗ ಎಣ್ಣೆಯ ಡಬ್ಬವನ್ನು ನೆರಳಿಗೆ ಇಡಲು ಹಿಂದಕ್ಕೆ ಹೋಗಿದ್ದಳು. ನಾನು ಪಡಸಾಲೆಗೆ ಮರಳಿ, ಕೆಟ್ಲಿಯ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸುತ್ತಿದ್ದೆ. ಅಲ್ಲಿಯವರೆಗೆ ಏದುಸಿರಿನಲ್ಲೇ ತಾಳಿದ್ದ ಇಂಜಿನ್ನಿನ ದನಿ ಆಗ ಕುಸಿಯಿತು. ಧ್ವನಿವರ್ಧಕ ಗೊಗ್ಗರಾಯಿತು. ಒಳಗೆ ದೀಪಗಳೂ ಇದರ ಜೊತೆಗೇ ಕೆಂಪಾಗುತ್ತಿವೆ ಎಂದು ನನ್ನ ಹಾಗೆ ಗೊತ್ತಿದ್ದವರು ಆ ಪಡಸಾಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಓಡಿದೆ. ನಾನು ಮೂಲೆ ತಿರುಗುವಾಗ ನೀಲವ್ವ ಹಲಗೆಯ ಮುಂದೆ ಇದ್ದಳು. ಅವಳ ಕೈ ದಾರ ಹುಡುಕಿ, ಸಿಗದೆ, ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಎಲ್ಲವೂ ಕಪ್ಪು, ಎಲ್ಲದರ ಜಾಗವೂ ಬದಲು. ದೀಪದ್ದನ್ನು ಕಿತ್ತರೆ ಒಳಗೆ ಪೂರಾ ಕತ್ತಲು, ಮೇಜಿನ ಮೇಲೆ ಅವಳ ಅತ್ತೆ. ಅವಳು ಬೆರಳಿನ ಬೆನ್ನಿನಿಂದ ಒಂದೊಂದೇ ಪ್ಲಗ್ಗು ಮುಟ್ಟಿ ನೋಡಿದಳು. ಮೂರನೆಯದು ಅರ್ಧ ತಾಸಿನಿಂದ ಭಾರ ಹೊತ್ತು ಬಿಸಿಯಾಗಿತ್ತು, ಅದೇ ಡಬ್ಬಿಯದು. ವಾಯರು ಹಿಡಿದು ಜಗ್ಗದೆ, ಪ್ಲಗ್ಗನ್ನೇ ಹಿಡಿದು ನೆಟ್ಟಗೆ ಹೊರಗೆ ಎಳೆದಳು. ಇಂಜಿನ್ನು ಕೆಮ್ಮಿ, ಮೇಲೆದ್ದು, ಮೊದಲಿನ ದನಿಗೆ ಬಂತು.

ಎಲ್ಲ ಸೇರಿ ಹತ್ತು ಎಣಿಸುವಷ್ಟು ಹೊತ್ತಾಗಿರಬೇಕು.

ನಾನು ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೆಟ್ಲಿಯನ್ನು ಕಿತ್ತು ಒಯ್ದು, ಡಾಕ್ಟರ ಕಣ್ಣಿಗೆ ಬೀಳದ ಹಾಗೆ ಪೆಟ್ಟಿಗೆಯೊಳಗೆ ಇಟ್ಟೆ. ಅರ್ಧ ತಾಸಿನ ಮೇಲೆ ಡಾಕ್ಟರು ಹೊರಗೆ ಬಂದಾಗ ಹಿರಿಯರು ಹೋಗಿದ್ದರು. ಡಾಕ್ಟರರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಕಣ್ಣ ತೆರೆದಿತ್ತು. ಚೂರಿ ಒಳಗಿತ್ತು. ನಾ ಕೈ ಎತ್ತೂಹಂಗ ಇದ್ದಿಲ್ಲ, ಅಲುಗಿಸೂಹಂಗ ಇದ್ದಿಲ್ಲ" ಎಂದರು. "ಪ್ಲಗ್ ಕಿತ್ತವರು ಯಾರು?"

"ನಾನರೀ" ಎಂದಳು ನೀಲವ್ವ.

ನಾನು ಬಾಯಿ ತೆರೆದೆ. ನಾನು ಪಡಸಾಲೆಯಲ್ಲಿದ್ದೆ, ಇವಳು ನನಗೆ ಹೇಳದೆ ಕೇಳದೆ ಪ್ಲಗ್ಗು ತೆಗೆದು ಹಾಕಿದಳು, ಅದಕ್ಕೇ ಹೀಗಾಯಿತು ಎಂದೆ. ಮಾತು ಎಷ್ಟು ಸರಾಗವಾಗಿ ಬಂತೆಂದರೆ, ಹೇಳುವಾಗ ನನಗೇ ಅದು ಖರೆ ಅನಿಸಿತು. ಡಾಕ್ಟರು ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ನಾಳೆಯಿಂದ ನೀರಿನ ಕೆಲಸ ಮಾತ್ರ ನೋಡು, ಹಲಗೆ ಮುಟ್ಟಬೇಡ ಎಂದು ಡಾಕ್ಟರು ಅವಳಿಗೆ ಹೇಳಿದರು.

"ಆತ್ರಿ" ಎಂದು ಅವಳು ಒಳಗಿನ ಬಾಗಿಲ ಕಡೆ ನೋಡಿದಳು. "ಅತ್ತಿ ಕಣ್ಣ?"

"ಎಂಟ ದಿನ ಬಿಟ್ಟ ಗೊತ್ತಾಗತೈತಿ."

ಮರುದಿನ ಮುಂಜಾನೆ ಒಳಗಿನಿಂದ ಮತ್ತೆ ನನ್ನ ಹೆಸರಿನ ಕೂಗು ಬಂತು. ನಾನು ರೋಣದಿಂದಲೂ ಕಾದಿದ್ದ ಕೂಗು. ಎರಡನೆಯ ಸಲ ಕೂಗಿದ ಮೇಲೆ ಉತ್ತರ ಕೊಟ್ಟೆ. ನಾನು ಬರುವುದರೊಳಗೆ ಸಲಾಕಿಯ ಬುಡಕ್ಕೆ ಯಾರೋ ಉಪ್ಪಿನ ನೀರು ಹಾಕಿ ಹೋಗಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಅದರ ಮರುದಿನವೂ ಮಣ್ಣು ಹಸಿಯಾಗಿತ್ತು. ಒಂದು ದಿನ ಅವಳಿಗಿಂತ ಮೊದಲೇ ನಾನು ಹಾಕಬೇಕೆಂದು ನಸುಕಿನಲ್ಲಿ ಎದ್ದು ಹೋದೆ. ಆಗಲೂ ಹಸಿಯಾಗಿತ್ತು. ಕೆಲಸ ಕಳೆದುಕೊಂಡವಳಿಗೆ ಇಷ್ಟು ಸಮಾಧಾನ ಎಲ್ಲಿಂದ ಬರುತ್ತದೆ ಎಂದು ಅದಕ್ಕೂ ನನಗೆ ಸಂಕಟ.

ಆರನೆಯ ದಿನ ರೋಗಿಗಳ ಕೋಣೆಯಲ್ಲಿ ಗಂಗವ್ವನ ಹಾಸಿಗೆಯ ಪಕ್ಕದಿಂದ ಹಾದುಹೋಗುತ್ತಿದ್ದೆ. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ನನ್ನ ಚಪ್ಪಲಿಯ ಸಪ್ಪಳ ಗುರುತು ಹಿಡಿದು, "ಯಪ್ಪಾ, ಮಿಸ್ತ್ರಿ ಅಲ್ಲಾ ನೀನು?" ಎಂದಳು. ಹೌದೆಂದೆ. ಕೈ ಚಾಚಿ ನನ್ನ ಧೋತರದ ಚುಂಗು ಹಿಡಿದುಕೊಂಡಳು.

"ನಮ್ಮ ನೀಲಿಗೆ ಅಕ್ಷರ ಬರೂದಿಲ್ಲಪಾ. ಏನರ ತಪ್ಪ ಮಾಡಿದ್ರ ನೀ ತಿದ್ದು, ಸಿಟ್ಟಾಗಬ್ಯಾಡ. ಈ ಕೆಲಸಾ ಸಿಕ್ಕ ಮ್ಯಾಲೆ ಆಕಿ ನಕ್ಕದ್ದ ಕೇಳೀನಿ, ನನ್ನ ಮಗಾ ಹೋದ ಮ್ಯಾಲೆ ಕೇಳಿದ್ದಿಲ್ಲ. ನನ್ನ ಕಣ್ಣ ಬರಲಿಲ್ಲಂದ್ರ ಇನ್ನೊಂದ ಐತಿ ನಡೀತೈತಿ. ಆಕೀನ್ನ ಮತ್ತ ಮಷಿನ್ ಕಡೆ ಕರಕೋ."

ಸೊಸೆ ಅವಳಿಗೆ ನನ್ನ ಬಗ್ಗೆ ಏನನ್ನೂ ಹೇಳಿರಲಿಲ್ಲ. ತಪ್ಪು ತನ್ನದೇ ಎಂದು ಹೇಳಿಟ್ಟಿದ್ದಳು. ನಾನು ಚುಂಗು ಬಿಡಿಸಿಕೊಂಡು ನೆಟ್ಟಗೆ ಡಾಕ್ಟರರ ಕೋಣೆಗೆ ಹೋದೆ. ಕೆಟ್ಲಿ, ಧ್ವನಿವರ್ಧಕ, ಕತ್ತರಿಸಿದ ದಾರ, ಎಲ್ಲ ಹೇಳಿದೆ. ಭಾರ ಹೆಚ್ಚಾಗಿ ದೀಪ ಇಳಿದದ್ದೆಂದು ಅವರಿಗೆ ಅಂದೇ ಅನುಮಾನ ಬಂದಿತ್ತಂತೆ. ದಾರದ ಸಂಗತಿ ಮಾತ್ರ ಗೊತ್ತಿರಲಿಲ್ಲ. ಯಾಕೆ ಕತ್ತರಿಸಿದೆ ಎಂದು ಕೇಳಿದರು. ನೀವು ಅವಳ ಹೆಸರು ಕೂಗುತ್ತಿದ್ದಿರಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನನಗ ಹೇಳಿದ್ರ ಏನ ಬಂತು? ಹೋಗಿ ಆಕಿಗೆ ಹೇಳು" ಎಂದರು.

ನೀಲವ್ವ ಬಾವಿಯ ಕಟ್ಟೆಯ ಮೇಲೆ ಕುಳಿತು ತಾಟು ತಿಕ್ಕುತ್ತಿದ್ದಳು. ನಾನು ಹೇಳುವವರೆಗೂ ತಿಕ್ಕುವುದನ್ನು ನಿಲ್ಲಿಸಲಿಲ್ಲ. ದಾರ ಕತ್ತರಿಸಿದವನು ನಾನೆಂದು ಆ ದಿನವೇ ಗೊತ್ತಿತ್ತು ಎಂದಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ. "ನೀವು ಕಲ್ತವರು, ನಾ ಹತ್ತಿ ಗಿರಣ್ಯಾಕಿ. ಯಾರ ಮಾತ ನಂಬತಾರ್ರಿ?" ಎಂದು ನೀರು ಸುರಿದು ತಾಟು ಬೋರಲು ಹಾಕಿದಳು. ನಾನು ತಪ್ಪಾಯಿತು ಎನ್ನಲು ಹೋದೆ.

"ಅದ ಬ್ಯಾಡ್ರಿ" ಎಂದಳು. "ಆ ಮುಳ್ಳ ಏನ ಹೇಳತೈತಿ, ಅದನ್ನ ಕಲಸ್ರಿ."

ಕಲಿಸಿದೆ. ಶಿಬಿರಕ್ಕೆ ಉಳಿದಿದ್ದ ನಾಲ್ಕು ದಿನ, ಇಂಜಿನ್ನು ನಿಂತ ಮೇಲೆ ಮಧ್ಯಾಹ್ನ ನೆಲದ ಮೇಲೆ ಇದ್ದಿಲಿನಿಂದ ಮೀಟರಿನ ಚಿತ್ರ ಬರೆದು, ಅಂಕಿ ಗುರುತು ಮಾಡಿಸಿ, ಮುಳ್ಳು ಎಲ್ಲಿಗೆ ಬಂದರೆ ಏನು ಎಂದು ಹೇಳಿಕೊಟ್ಟೆ. ಯಾವ ಸಾಮಾನಿನ ಮೇಲೆ ಎಷ್ಟು ವ್ಯಾಟು ಬರೆದಿರುತ್ತದೆ, ಅವನ್ನು ಕೂಡಿಸುವುದು ಹೇಗೆ, ಒಟ್ಟು ಬಂದದ್ದು ಮಷಿನ್ನಿನ ಶಕ್ತಿಗಿಂತ ಯಾಕೆ ಒಂದಿಷ್ಟು ಕಡಿಮೆಯೇ ಇರಬೇಕು, ಮಷಿನ್ನಿನ ಪ್ಲಗ್ಗನ್ನು ಮನೆಯ ವಾಯರಿಂಗಿಗೆ ಯಾಕೆ ಎಂದೂ ಕೂಡಿಸಬಾರದು, ಎಲ್ಲ. ಮನಸ್ಸು ಶುದ್ಧವಾಗಿ ಕಲಿಸಿದೆನೆಂದು ಸುಳ್ಳು ಹೇಳಲಾರೆ. ಅವಳು ಒಂದು ಸಲಕ್ಕೇ ತಿಳಿದುಕೊಂಡಾಗ ನನ್ನೊಳಗೆ ಏನೋ ಕುಟುಕುತ್ತಿತ್ತು. ಏಳು ಮತ್ತು ಒಂದು ಅವಳಿಗೆ ಗೊಂದಲವಾಗುತ್ತಿದ್ದವು. ಅವಳು ಅಲ್ಲಿ ಎಡವಿದಾಗ ತುಸು ಹಿತವಾಗುತ್ತಿತ್ತು. ಎರಡನೆಯ ದಿನಕ್ಕೆ ಆ ಹಿತವೂ ಹೋಯಿತು.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದರು, ಗಂಗವ್ವ 'ಮೂರು' ಎಂದಳು. ಸರಿಯಿತ್ತು. ಆಮೇಲೆ ಅವಳು ಸೊಸೆಯ ಮುಖವನ್ನು ಹತ್ತಿರ ಎಳೆದುಕೊಂಡು, ಇಷ್ಟು ಬಡವಾಗಿದ್ದೀಯಲ್ಲ, ಊಟ ಮಾಡುತ್ತಿರಲಿಲ್ಲವೇ ಎಂದು ಬೈದಳು. ನೀಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನಾನು ಮಷಿನ್ನಿನ ಕಡೆ ಹೋಗಿ, ಮಾಡುವ ಕೆಲಸವೇನೂ ಇರದಿದ್ದರೂ ಅದರ ಮೇಲಿನ ಧೂಳು ಒರೆಸುತ್ತ ಕುಳಿತೆ.

ಮುಂದಿನ ಚಳಿಗಾಲಕ್ಕೆ ಬಾ ಎಂದು ಡಾಕ್ಟರು ನನಗೂ ಹೇಳಿದ್ದರು. ಹಲಗೆ ನೀಲವ್ವನ ಕೈಯಲ್ಲಿರುತ್ತದೆ, ಇಂಜಿನ್ನಿನ ರಿಪೇರಿ ನಿನ್ನದು ಎಂದರು. ನಾನು ಬೇರೆ ಕೆಲಸ ಸಿಕ್ಕಿದೆಯೆಂದು ತಪ್ಪಿಸಿಕೊಂಡೆ. ಆ ಹೊತ್ತಿಗೆ ಯಾವ ಕೆಲಸವೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಆರು ತಿಂಗಳ ಮೇಲೆ. ಅದರ ಸಲುವಾಗಿಯೇ ಮರುವರ್ಷ ಪುಷ್ಯದಲ್ಲಿ ರೋಣಕ್ಕೆ ಬಂದವನಿಗೆ ಶಿಬಿರ ನಡೆದಿದೆಯೆಂದು ತಿಳಿಯಿತು. ನೋಡಿ ಬರೋಣ ಎಂದು ಹೋದೆ. ಸಾಲಿಯ ಹಿಂದೆ ಅದೇ ಇಂಜಿನ್ನಿನ ಸಪ್ಪಳ. ಅದರ ಮುಂದೆ ನೀಲವ್ವ. ಸುತ್ತ ಏಳೆಂಟು ಜನ ರೋಗಿಗಳ ಮನೆಯವರು, ಅವರ ನಡುವೆ ಪ್ಯಾಂಟು ಹಾಕಿದ ಒಬ್ಬ ಹೊಸ ಡಾಕ್ಟರು. ಅವಳು ಅವರಿಗೆ ಮೀಟರು ತೋರಿಸಿ, ಮುಳ್ಳು ಇಲ್ಲಿಗಿಂತ ಕೆಳಗೆ ಬಂದರೆ ಮೊದಲು ಕಾಸುವುದನ್ನು ತೆಗೆಯಬೇಕು, ದೀಪಕ್ಕೆ ಕೈ ಹಚ್ಚಬಾರದು ಎಂದು ಹೇಳುತ್ತಿದ್ದಳು. ನಾನು ಜನರ ಹಿಂದೆ ಉಳಿದೆ. ಚಳಿಗೆಂದು ತಲೆಗೆ ಸುತ್ತಿದ್ದ ರುಮಾಲು ಮುಖದ ಅರ್ಧಕ್ಕೆ ಬಂದಿತ್ತು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಆ ಡಾಕ್ಟರು ಕೇಳಿದರು. ಅವಳು ಗಿರಣಿಯ ಮಿಸ್ತ್ರಿಯ ಹೆಸರು ಹೇಳಬಹುದಿತ್ತು. ಕಿವಿಯಿಂದ ಕಲಿತೆ ಎಂದರೂ ಸುಳ್ಳಾಗುತ್ತಿರಲಿಲ್ಲ.

"ಹುಬ್ಬಳ್ಳಿ ಗುರುನಾಥಪ್ಪನವರು ಅಂತಿದ್ರು" ಎಂದಳು. "ಅವರ ಕಲಿಸಿದ್ರಿ. ಭಾಳ ತಿಳದವರು."

ಅವಳ ದನಿಯಲ್ಲಿ ಕೊಂಕು ಇರಬಹುದೆಂದು ಕಿವಿಗೊಟ್ಟು ಹುಡುಕಿದೆ. ಇರಲಿಲ್ಲ. ಮುಂದೆ ಬಂದು ಮಾತಾಡಿಸಲಿಲ್ಲ, ಹಾಗೇ ತಿರುಗಿ ಬಸ್ಸಿಗೆ ಹೋದೆ. ಬಸ್ಸು ಯಾವಗಲ್ಲಿನಲ್ಲಿ ನಿಂತು ಜನ ಹತ್ತಿ ಇಳಿಯುವವರೆಗೂ ಅವಳ ಮಾತೇ ತಲೆಯಲ್ಲಿತ್ತು. ನಾನು ಅವಳ ಜಾಗದಲ್ಲಿದ್ದಿದ್ದರೆ ಎಂದೂ ಆ ಹೆಸರು ಹೇಳುತ್ತಿರಲಿಲ್ಲ. ಅದನ್ನು ಅಷ್ಟು ಸಲೀಸಾಗಿ ಹೇಳಲು ಅವಳಿಗೆ ಹೇಗೆ ಬಂತೋ ಎಂದು, ಕಿಟಕಿಗೆ ಮುಖ ಮಾಡಿ ಕುಳಿತು, ನನಗೆ ಮತ್ತೆ ಅವಳ ಮೇಲೆ ಹೊಟ್ಟೆ ಉರಿಯಿತು.